ಕೂಸಿನ ಪಾಲಿನ ಚಿಪ್ಪು

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂಬುದನ್ನು ತಿಪಟೂರು ಸೀಮೆಯವರು ಕಿವಿಯಿಂದ ತಿಳಿಯುತ್ತಾರೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಹಸಿಕಾಯಿ ಅಲ್ಲಾಡಿಸಿದರೆ ನೀರು ಗುಳುಗುಳು ಎನ್ನುತ್ತದೆ. ಆದ ಕಾಯಿಯೊಳಗೆ ಆ ಉಂಡೆ, ಅಂದರೆ ಗಿಟುಕು, ಲೊಟಲೊಟ ಬಡಿಯುತ್ತದೆ. ಮುಗ್ಗಿದ ಕೊಬ್ಬರಿಯನ್ನು ಮೂಗು ಹಿಡಿಯುತ್ತದೆ. ಮಟ್ಟೆ ಎಷ್ಟು ಒಣಗಿದೆ ಎಂಬುದು ಸುಲಿಯುವವನ ಅಂಗೈಗೆ ಗೊತ್ತು. ಹೀಗೆ ಕಿವಿ, ಮೂಗು, ಅಂಗೈಗಳನ್ನು ನಂಬಿ ಬದುಕುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೂ ಈಗ ಎರಡು ವರ್ಷದ ಕೂಸಿಗೆಂದು ‘ಸೆನ್ಸರಿ ಕಿಟ್’ ಎಂಬ ಡಬ್ಬಿ ಕೊರಿಯರ್‌ನಲ್ಲಿ ಬರುತ್ತದೆ. ಒಳಗೆ ಬಣ್ಣದ ಅಕ್ಕಿ, ಕೈಗಂಟದ ಮರಳು, ನೀರಲ್ಲಿ ಊದುವ ಮಣಿ, ಪ್ಲಾಸ್ಟಿಕ್ ಚಮಚ. ಕೊಳ್ಳಲು ಆಗದವರು ಅದನ್ನೇ ಮನೆಯಲ್ಲಿ ಮಾಡಿಕೊಳ್ಳುವ ವಿಡಿಯೊ ನೋಡುತ್ತಾರೆ, ಅದರಲ್ಲಿ ಹೇಳಿದ ಶೇವಿಂಗ್ ಫೋಮ್, ಕಾರ್ನ್‌ಫ್ಲೋರ್‌ಗಾಗಿ ಅಂಗಡಿ ಅಲೆಯುತ್ತಾರೆ.

ಒಂದರಿಂದ ಆರು ವರ್ಷದ ಮಕ್ಕಳಿಗೆ ಮನೆಯಲ್ಲೇ ಇಂಥ ಆಟದ ಸಾಮಾನು ಮಾಡುವುದರಲ್ಲಿ ಹುರುಳೆಷ್ಟು, ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಅಪಾಯ, ಅದಕ್ಕಾಗಿ ಕೂರುವ ಪುರುಸೊತ್ತು ಯಾರಿಗಿದೆ ಎಂದು ನೋಡುವುದು ಇಲ್ಲಿನ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮೂರು ತಾಲ್ಲೂಕುಗಳಲ್ಲಿ ಮಾಡಬೇಕಾದ್ದು ಕಡಿಮೆ, ಆರಿಸಬೇಕಾದ್ದು ಹೆಚ್ಚು. ಸಾಮಾನು ಅಂಗಳದಲ್ಲೇ ಬಿದ್ದಿದೆ. ಅದನ್ನು ಆಯ್ದು, ತೊಳೆದು, ಅಂಚು ಉಜ್ಜಿ, ಕೂಸಿನ ಪಾಲೆಂದು ಎತ್ತಿಡುವ ಕೆಲಸವಷ್ಟೇ ಬಾಕಿ. ಆಮೇಲೆ ಪಕ್ಕದಲ್ಲಿ ಒಬ್ಬರು ಕೂರಬೇಕು.

‘ಸೆನ್ಸರಿ ಪ್ಲೇ’ ಎಂಬ ಮಾತಿನ ಹಿಂದೆ ದೊಡ್ಡ ಗುಟ್ಟೇನೂ ಇಲ್ಲ. ಮಗು ಮುಟ್ಟಿ, ಹಿಸುಕಿ, ಸುರಿದು, ಮೂಸಿ, ಕುಟ್ಟಿ, ಎಳೆದು ಆಡುವ ಆಟವೇ ಅದು. ಪಂಚೇಂದ್ರಿಯಗಳ ಜೊತೆಗೆ ತಜ್ಞರು ಇನ್ನೆರಡನ್ನು ಸೇರಿಸುತ್ತಾರೆ: ಒಳಗಿವಿಯಿಂದ ಬರುವ ಸಮತೋಲದ ಅರಿವು, ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕಿದೆ ಎಂದು ಕೀಲು-ಸ್ನಾಯುಗಳಿಂದ ಬರುವ ಅರಿವು. ಈ ಎರಡಕ್ಕೆ ಒತ್ತು ಕೊಟ್ಟವರು ಅಮೆರಿಕದ ಎ. ಜೀನ್ ಏರ್ಸ್, ಕಲಿಕೆಯ ತೊಡಕಿರುವ ಮಕ್ಕಳ ಬಗ್ಗೆ ಅವರ ಪುಸ್ತಕ ಬಂದದ್ದು 1972ರಲ್ಲಿ. ನಗರದ ಥೆರಪಿ ಕೇಂದ್ರಗಳಲ್ಲಿ ಇದಕ್ಕೆಂದೇ ತೂಗುವ ಉಯ್ಯಾಲೆ, ಜಾರುವ ಹಲಗೆ ಇರುತ್ತವೆ. ಇಲ್ಲಿ ಅಡಕೆ ಹಾಳೆಯ ಮೇಲೆ ಚಿಕ್ಕ ಮಗುವನ್ನು ಕೂರಿಸಿ ದೊಡ್ಡದು ದರದರ ಎಳೆದುಕೊಂಡು ಹೋಗುವಾಗ ಕೂತವನಿಗೆ ಸಮತೋಲ, ಎಳೆಯುವವನಿಗೆ ತೋಳುಬಲ ಎರಡೂ ಸಿಗುತ್ತವೆ. ಹಾಳೆ ಹರಿದರೆ ಇನ್ನೊಂದು ಬಿದ್ದಿರುತ್ತದೆ.

ಇಂದ್ರಿಯಗಳ ಮೂಲಕ ಕಲಿಸುವುದನ್ನು ಪದ್ಧತಿಯಾಗಿ ಕಟ್ಟಿದವರಲ್ಲಿ ಮರಿಯಾ ಮಾಂಟೆಸ್ಸರಿ ಪ್ರಮುಖರು. 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಅವರ ಮೊದಲ ಮಕ್ಕಳ ಮನೆ ತೆರೆಯಿತು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು ಯುದ್ಧದಿಂದಾಗಿ ವರ್ಷಗಟ್ಟಲೆ ಇಲ್ಲೇ ಉಳಿದು ಭಾರತದ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಸಾಮಾನಿನಲ್ಲಿ ಅಲ್ಲಾಡಿಸಿ ಸದ್ದು ಹೊಂದಿಸುವ ಕೊಳವೆಗಳ ಜೋಡಿ ಇದೆ, ಒರಟು-ನುಣುಪಿನ ಹಲಗೆಗಳಿವೆ, ಕಣ್ಣುಕಟ್ಟಿ ಮುಟ್ಟಿ ಗುರುತಿಸುವ ಬಟ್ಟೆ ತುಂಡುಗಳಿವೆ, ತೂಕ ಬೇರೆ ಬೇರೆಯಿರುವ ಮರದ ಬಿಲ್ಲೆಗಳಿವೆ. ನುರಿತ ಬಡಗಿ ಅಳತೆ ತಪ್ಪದೆ ಮಾಡಬೇಕಾದ ಸಾಮಾನಾದ್ದರಿಂದ ಬೆಲೆಯೂ ಹಾಗೆಯೇ. ಅಟ್ಟದ ಕಾಯಿಯ ಸದ್ದು ಗೊತ್ತಿರುವವರಿಗೆ ಕೊಳವೆ ಜೋಡಿಯ ತತ್ವ ಹೊಸದಾಗಿ ಕಾಣುವುದಿಲ್ಲ. ತುರುವೇಕೆರೆಯ ಗಂಗಾಧರೇಶ್ವರನ ಗುಡಿಯ ಕರಿಕಲ್ಲಿನ ಬಸವಣ್ಣನ ಬೆನ್ನು ಸವರಿದ ಮಗುವಿಗೆ ನುಣುಪಿನ ಹಲಗೆಯನ್ನು ಬೇರೆ ತರಿಸಬೇಕೆ ಎಂದೂ ಕೇಳಬಹುದು.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು ಪಶ್ಚಿಮ ಕರಾವಳಿಯವರು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರುಮಾಡಿ ಮಾಂಟೆಸ್ಸರಿ ಪದ್ಧತಿಯನ್ನು ಗುಜರಾತಿನ ಮಕ್ಕಳಿಗೆ ಒಗ್ಗಿಸಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಇನ್ನೂ ಮುಂದೆ ಹೋದರು. 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಗೆ ಬಂದು, ಶಿಷ್ಯೆ ಅನುತಾಯಿ ವಾಘ್ ಜೊತೆಗೂಡಿ ಬಡವರ, ಆದಿವಾಸಿಗಳ ಮಕ್ಕಳಿಗೆ ಬಾಲವಾಡಿ ತೆರೆದರು. ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆಗ ಬಾಲವಾಡಿಯೇ ಅವರ ಅಂಗಳಕ್ಕೆ ಹೋಯಿತು; ಅಂಗನವಾಡಿ ಎಂಬ ಹೆಸರು ಅಲ್ಲಿಂದ ಬಂದದ್ದು. ಕೊಳ್ಳುವ ಸಾಮಾನಿನ ಬದಲು ಬೆಣಚುಕಲ್ಲು, ಚಿಪ್ಪು, ಬೀಜ, ಎಲೆ, ಮಣ್ಣು ಬಳಕೆಗೆ ಬಂದವು. ಆಮೇಲೆ ಬೋರ್ಡಿ ಹತ್ತಿರದ ಕೋಸಬಾಡದ ಗುಡ್ಡದಲ್ಲಿ ಈ ಕೆಲಸ ದಶಕಗಟ್ಟಲೆ ನಡೆಯಿತು.

ಕೇಂದ್ರ ಸರ್ಕಾರ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ (ಐಸಿಡಿಎಸ್) ಯೋಜನೆಯನ್ನು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗಕ್ಕೆ ತಂದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ 70 ಸಾವಿರದ ಹತ್ತಿರ ಅಂಗನವಾಡಿಗಳಿವೆ. ಹೆಸರು ಉಳಿಯಿತು, ಅಂಗಳದ ಸಾಮಾನಿನ ಜಾಗವನ್ನು ಬಹುಮಟ್ಟಿಗೆ ಮೇಲಿನಿಂದ ಬರುವ ಪ್ಲಾಸ್ಟಿಕ್ ಕಿಟ್ ಹಿಡಿದಿದೆ. ರಾಜ್ಯದ ‘ಚಿಲಿಪಿಲಿ’ ಪಠ್ಯಕ್ರಮ ಆಟ, ಹಾಡು, ಚಟುವಟಿಕೆಯ ಮೇಲೇ ನಿಂತಿದೆ. 2022ರ ರಾಷ್ಟ್ರೀಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ಪಠ್ಯಪುಸ್ತಕವೇ ಬೇಡ ಎನ್ನುತ್ತದೆ, ಊರಲ್ಲೇ ಸಿಗುವ ಆಟಿಕೆಗಳನ್ನು ಬಳಸಿ ಎನ್ನುತ್ತದೆ. ಕಾಗದದ ಮೇಲೆ ಯಾವ ತಕರಾರೂ ಇಲ್ಲ. ಆದರೆ ಅಂಗನವಾಡಿ ಇರುವ ಊರಿಗೇ ಬೆಳಿಗ್ಗೆ ಎಂಟಕ್ಕೆ ಶಾಲೆಯ ಹಳದಿ ಬಸ್ಸು ಬಂದು, ಇನ್ನೂ ಮೂಗು ಒರೆಸಿಕೊಳ್ಳಲು ಬಾರದ ಎಲ್‌ಕೆಜಿ ಕೂಸನ್ನು ನಾಲ್ಕು ಗೆರೆ ಪುಸ್ತಕದ ಜೊತೆ ಹತ್ತಿಸಿಕೊಂಡು ಹೋಗುತ್ತದೆ.

ಮನೆಯಲ್ಲಿ ಮಾಡಿದ ಆಟದ ಸಾಮಾನಿನಿಂದ ನಿಜಕ್ಕೂ ಪ್ರಯೋಜನ ಇದೆಯೇ? ಈ ಪ್ರಶ್ನೆಗೆ ಸಿಕ್ಕಿರುವ ಗಟ್ಟಿ ಉತ್ತರ ಜಮೈಕಾದ್ದು. 1986–87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ, 9ರಿಂದ 24 ತಿಂಗಳ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅವರ ತಂಡ ಆಯ್ದುಕೊಂಡಿತು. ಕೆಲವು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ, ಒಂದು ಗಂಟೆ, ಎರಡು ವರ್ಷ ಹೋದಳು. ಕೈಯಲ್ಲಿದ್ದದ್ದು ಬಿಸಾಡಿದ ವಸ್ತುಗಳಿಂದ ಮಾಡಿದ ಆಟಿಕೆ. ತಾಯಿಯನ್ನು ಜೊತೆಗೆ ಕೂರಿಸಿಕೊಂಡು ಆಡಿಸಿ, ಮಾತಾಡಿಸಿ ಬಂದಳು. ಆ ಮಕ್ಕಳು ಬೆಳೆದು ದುಡಿಯತೊಡಗಿದಾಗ ಉಳಿದವರಿಗಿಂತ ಶೇ 25ರಷ್ಟು ಹೆಚ್ಚು ಗಳಿಸುತ್ತಿದ್ದರೆಂದು 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ಮಾದರಿ ಮುಂದೆ ಹಲವು ದೇಶಗಳಿಗೆ ಹರಡಿ, ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲೂ ಪರೀಕ್ಷೆಗೆ ಒಳಗಾಯಿತು.

ಇದನ್ನು ಓದಿ ಆಟಿಕೆಯಿಂದ ಸಂಬಳ ಹೆಚ್ಚಿತು ಎಂದುಕೊಂಡರೆ ಕೆಟ್ಟೆವು. ಅಲ್ಲಿ ಕೆಲಸ ಮಾಡಿದ್ದು ತಾಯಿ-ಮಗುವಿನ ನಡುವೆ ಹುಟ್ಟಿದ ಮಾತುಕತೆ. ಆಟಿಕೆ ಅದಕ್ಕೊಂದು ನೆಪ. ಸಾವಿರ ರೂಪಾಯಿ ಕಿಟ್ ತಂದು ಕೂಸಿನ ಮುಂದೆ ಸುರಿದು ತಾವು ಫೋನ್ ಹಿಡಿದು ಕೂತರೆ ಆ ನೆಪವೂ ಹಾಳು.

ಇನ್ನು ಸಾಮಾನಿನ ವಿಚಾರ. ತೆಂಗಿನ ಮರ ಇಲ್ಲಿ ಕೊಡುವಷ್ಟನ್ನು ಯಾವ ಕಿಟ್ಟೂ ಕೊಡದು. ಮೊದಲು ಕಾಯಿಯೇ. ನೀರು ತುಂಬಿದ ಹಸಿಕಾಯಿ ಒಂದು, ನೀರು ಅರ್ಧ ಇಂಗಿದ್ದು ಒಂದು, ಗಿಟುಕು ಬಿಟ್ಟಿದ್ದು ಒಂದು. ಮೂರನ್ನೂ ನೆಲದ ಮೇಲಿಟ್ಟರೆ ಮೂರು ವರ್ಷದ ಮಗು ಉರುಳಿಸಿ, ಅಲ್ಲಾಡಿಸಿ, ಎತ್ತಲು ಹೆಣಗಿ, ಯಾವುದು ಭಾರ ಯಾವುದು ಹಗುರ, ಯಾವುದು ‘ನೀರು’ ಯಾವುದು ‘ಗಿಟುಕು’ ಎಂದು ತಾನೇ ಕಂಡುಕೊಳ್ಳುತ್ತದೆ. ಮಟ್ಟೆಯ ಮೈಯಲ್ಲೂ ಭೇದವಿದೆ. 1990ರ ದಶಕದ ಕೊನೆಯಲ್ಲಿ ಕೇರಳದ ಕಡೆಯಿಂದ ಬಂದು ಇಲ್ಲಿಯ ತೋಟಗಳನ್ನು ಹಿಂಡಿದ ನುಸಿ ತಗುಲಿದ ಕಾಯಿಯ ಮೇಲ್ಮೈ ಕಂದಾಗಿ ಸೀಳಿ ಒರಟಾಗಿರುತ್ತದೆ, ಒಳ್ಳೆಯ ಕಾಯಿಯದು ನುಣ್ಣಗೆ ಜಾರುತ್ತದೆ. ರೈತನಿಗೆ ನಷ್ಟದ ಗುರುತು, ಕೂಸಿನ ಬೆರಳಿಗೆ ಹೊಸ ಒರಟು.

ಚಿಪ್ಪಿನಲ್ಲಿ ಎರಡು ಜಾತಿ. ಕಾಯಿ ಒಡೆದಾಗ ಕಣ್ಣಿರುವ ಹೋಳು ಒಂದು, ಕಣ್ಣಿಲ್ಲದ ಹೋಳು ಒಂದು. ಕಣ್ಣಿಲ್ಲದ್ದು ಬಟ್ಟಲು. ಕಣ್ಣಿರುವುದರಲ್ಲಿ ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ. ಅದನ್ನು ಚುಚ್ಚಿ ತೆಗೆದರೆ ಮರಳು, ನೀರು ಸಣ್ಣ ಧಾರೆಯಾಗಿ ಇಳಿಯುವ ಆಲಿಕೆಯಾಗುತ್ತದೆ. ಎರಡು ವರ್ಷದ ಮಗು ಒಂದರಲ್ಲಿ ತುಂಬಿ ಇನ್ನೊಂದರಲ್ಲಿ ಸೋರಿಸುತ್ತಾ ಎಷ್ಟು ಹೊತ್ತು ಕೂರುತ್ತದೆ ಎಂಬುದನ್ನು ನೋಡಿದವರೇ ಬಲ್ಲರು. ಆದರೆ ಒಡೆದ ಅಂಚು ಹರಿತ. ಗರಗಸದ ಬ್ಲೇಡಿನಿಂದ ಅಡ್ಡ ಕೊಯ್ದು, ಅಂಚನ್ನು ಒರಟು ಕಲ್ಲಿನ ಮೇಲೆ ತಿಕ್ಕಿ, ಆಮೇಲೆ ಉಪ್ಪುಕಾಗದ ಹಾಕಿ, ತುಟಿಗೆ ತಾಗಿಸಿದರೂ ಗೀರದಷ್ಟು ನಯ ಮಾಡಬೇಕು. ನಾರು ಕೆರೆದು ಕೊಬ್ಬರಿ ಎಣ್ಣೆ ಸವರಿದರೆ ಚಿಪ್ಪು ಕಪ್ಪಗೆ ಮಿರುಗುತ್ತದೆ. ಎರಡು ಹೋಳು ಒಂದಕ್ಕೊಂದು ಬಡಿದರೆ ಕುದುರೆ ನಡಿಗೆಯ ಸದ್ದು. ನಾಲ್ಕು ದಾಟಿದ ಮಕ್ಕಳಿಗೆ ಗಟ್ಟಿ ಚಿಪ್ಪಿನ ಕಣ್ಣಲ್ಲಿ ಹುರಿ ತೂರಿಸಿ, ಬೋರಲು ಹಾಕಿ, ಮೇಲೆ ನಿಂತು ಹುರಿ ಹಿಡಿದು ನಡೆಯಲು ಕೊಡಬಹುದು. ಸಮತೋಲಕ್ಕೆ ಇದಕ್ಕಿಂತ ಅಗ್ಗದ ಸಾಧನವನ್ನು ನಾನು ಕಂಡಿಲ್ಲ.

ಮಟ್ಟೆಯನ್ನು ನಾಲ್ಕು ದಿನ ನೀರಲ್ಲಿ ನೆನೆಸಿ ಕೊಟ್ಟರೆ ಮಕ್ಕಳು ಕೊಡತಿಯಲ್ಲಿ ಜಜ್ಜುತ್ತಾರೆ, ನಾರು ಬಿಡಿಸುತ್ತಾರೆ. ಬೆರಳಿಗೆ ಇದಕ್ಕಿಂತ ಒಳ್ಳೆಯ ಕಸರತ್ತು ಬೇಕಿಲ್ಲ. ನಾರಿನ ಕಾರ್ಖಾನೆಗಳ ಹಿಂದೆ ಗುಡ್ಡವಾಗಿ ಬಿದ್ದಿರುವ ನಾರಿನ ಪುಡಿಯನ್ನು ಜನ ಗಿಡದ ಕುಂಡಕ್ಕಷ್ಟೇ ಲೆಕ್ಕ ಹಿಡಿಯುತ್ತಾರೆ. ಕಿಟ್ಟಿನ ‘ಕೈಗಂಟದ ಮರಳಿಗೆ’ ಇದು ಬದಲಿ. ಮೂರು ನಾಲ್ಕು ಸಲ ನೀರು ಬದಲಿಸಿ ತೊಳೆದರೆ ಕೆಂಪು ಚೊಗರು ಇಳಿಯುತ್ತದೆ. ಇಳಿಸದಿದ್ದರೆ ಬಟ್ಟೆಗೆ ಹತ್ತಿದ ಕಲೆ ಹೋಗುವುದಿಲ್ಲ, ಅಮ್ಮಂದಿರ ಬೈಗುಳವೂ ತಪ್ಪುವುದಿಲ್ಲ. ಹಿಂಡಿ, ತುಸು ತೇವ ಉಳಿಸಿ ಕೊಟ್ಟರೆ ಹಿಡಿದಂತೆ ನಿಲ್ಲುತ್ತದೆ, ಬಿಟ್ಟರೆ ಉದುರುತ್ತದೆ. ಪೂರ್ತಿ ಒಣಗಿದ ಪುಡಿ ಮಾತ್ರ ಬೇಡ, ದೂಳು ಮೂಗಿಗೆ ಏರುತ್ತದೆ. ಉಬ್ಬಸ ಇರುವ ಮಗುವನ್ನು ಇದರಿಂದ ದೂರವೇ ಇಡಬೇಕು.

ಗರಿಯ ಪೀಪಿ, ಗಡಿಯಾರ, ಹಾವು, ಗಿರಿಗಿಟ್ಟಲೆ ಇಲ್ಲಿ ಯಾವ ತಾತನ ಕೈಗೂ ಬರುತ್ತವೆ, ಅವನ್ನು ವಿವರಿಸಬೇಕಿಲ್ಲ. ಒಣಗಿ ಬಿದ್ದ ಹೊಂಬಾಳೆಯ ಸಿಪ್ಪೆ ನೀರಲ್ಲಿ ದೋಣಿಯಂತೆ ತೇಲುತ್ತದೆ, ಅದರೊಳಗೆ ಉದುರಿದ ಎಳೆಗಾಯಿಗಳನ್ನು ಒಂದೊಂದಾಗಿ ಇಟ್ಟು ಯಾವಾಗ ಮುಳುಗುತ್ತದೆ ಎಂದು ನೋಡುವ ಆಟ ನಾಲ್ಕು ವರ್ಷದವರಿಗೆ. ಹುರಿಯಲ್ಲೂ ಸಣ್ಣದು, ದಪ್ಪದು, ಹೊಸದು, ಸವೆದದ್ದು ಎಂಬ ಭೇದ ಬೆರಳಿಗೆ ಗೊತ್ತಾಗುತ್ತದೆ. ಬಟ್ಟೆ ಮುಟ್ಟಿ ಗುರುತಿಸುವ ಆಟಕ್ಕೆ ಹಳೇ ಪಂಚೆ, ರೇಷ್ಮೆ ಕಣ, ಗೋಣಿತಟ್ಟು ಇವುಗಳ ಜೊತೆ ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆ ಕುರಿ ಸಾಕುವ ಮನೆಗಳ ಕರಿ ಕಂಬಳಿಯ ತುಂಡೊಂದು ಸೇರಿದರೆ ಅಂಗಡಿಯ ಬಟ್ಟೆಡಬ್ಬಿ ಸಪ್ಪೆ.

ಹಿಟ್ಟಿನ ವಿಷಯದಲ್ಲಿ ಎಲ್ಲರೂ ಮೈದಾ ಹಿಡಿಯುತ್ತಾರೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ಲೋಟ ನೀರು, ಎರಡು ಚಮಚ ಎಣ್ಣೆ, ಎರಡು ಚಮಚ ನಿಂಬೆರಸ. ಒಲೆಯ ಮೇಲೆ ಸಣ್ಣ ಉರಿಯಲ್ಲಿ ತಿರುವಿ, ಬಾಣಲೆ ಬಿಟ್ಟು ಬಂದಾಗ ಇಳಿಸಿ ನಾದಿ, ಮುಚ್ಚಳದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಬರುತ್ತದೆ. ಪಾಶ್ಚಾತ್ಯ ಪಾಕಗಳಲ್ಲಿ ಹಾಕುವ ಟಾರ್ಟರ್ ಪುಡಿ ಇಲ್ಲಿ ಸಿಗದಿದ್ದರೂ ನಷ್ಟವಿಲ್ಲ. ಹುಣಸೆಹಣ್ಣಿನ ಹುಳಿಯೂ ಟಾರ್ಟಾರಿಕ್ ಆಮ್ಲವೇ. ಹಿಟ್ಟು ಕಂದಾದರೂ ಮೆದುವಾಗುತ್ತದೆ. ಆದರೆ ಈ ಹಿಟ್ಟಿನಲ್ಲಿ ಉಪ್ಪು ಬಹಳ. ಎಲ್ಲವನ್ನೂ ಬಾಯಿಗಿಡುವ ಒಂದೂವರೆ ವರ್ಷದ ಕೂಸು ಇದನ್ನು ನುಂಗಿದರೆ ತೊಂದರೆಯಾದೀತು. ಆ ವಯಸ್ಸಿಗೆ ಉಪ್ಪು ಹಾಕದ ರಾಗಿಮುದ್ದೆಯೇ ಸರಿ. ರಾಗಿಗೆ ಗೋಧಿಯ ಜಿಗುಟು ಇಲ್ಲ, ತಣ್ಣೀರಲ್ಲಿ ಕಲಸಿದರೆ ಪುಡಿಯಾಗುತ್ತದೆ. ಕುದಿಯುವ ಎಸರಲ್ಲಿ ಬೆಂದಾಗ ಮಾತ್ರ ಪಿಷ್ಟ ಅಂಟಾಗಿ ಮುದ್ದೆ ಕೂಡಿಕೊಳ್ಳುತ್ತದೆ. ಆರಿದ ಮುದ್ದೆಗೆ ಎಣ್ಣೆ ಕೈ ಮಾಡಿ ಕೊಟ್ಟರೆ ಮಗು ಒತ್ತುತ್ತದೆ, ಚಿವುಟುತ್ತದೆ, ಅರ್ಧ ತಿನ್ನುತ್ತದೆ. ಮರುದಿನಕ್ಕೆ ಉಳಿಸಬಾರದು. ಇನ್ನೂ ಗಟ್ಟಿ ಬೇಕೆಂದರೆ ಕಂಬಳಿ ನೇಯುವವರು ಉಣ್ಣೆ ನೂಲಿಗೆ ಹಚ್ಚುವ ಹುಣಸೆ ಬೀಜದ ಸರಿ ಒಂದು ಚಮಚ ಸಾಕು. ಎಂಥ ಗೋಂದಿಗೂ ಸೆಡ್ಡು ಹೊಡೆಯುವ ಸರಕು ಅದು.

ಬಣ್ಣದ ಅಕ್ಕಿಯ ಬಗ್ಗೆ ಹಳ್ಳಿಯ ಅಜ್ಜಿಯರಿಗಿರುವ ಆಕ್ಷೇಪ ನನಗೂ ಇದೆ. ‘ಅನ್ನದಲ್ಲಿ ಆಡಬಾರದು ಕಣಪ್ಪ’ ಎನ್ನುವ ಮಾತಿನ ಹಿಂದೆ ಬರದ ನೆನಪಿದೆ. ಅಮೆರಿಕದ ಶಿಶುವಿಹಾರಗಳಲ್ಲೂ ತಿನ್ನುವ ಧಾನ್ಯವನ್ನು ಆಟಕ್ಕೆ ಬಳಸಬಹುದೇ ಎಂಬ ಚರ್ಚೆ ನಡೆದೇ ಇದೆ. ಬಣ್ಣ ಹಚ್ಚಿ ಕೊನೆಗೆ ತಿಪ್ಪೆಗೆ ಎಸೆಯುವ ಅಕ್ಕಿಗಿಂತ ಕಡಲೆಕಾಯಿ ಸಿಪ್ಪೆ, ಜರಡಿ ಹಿಡಿದ ಮರಳು ವಾಸಿ. ಕಾಳೇ ಬೇಕೆಂದರೆ ಮೊರದಲ್ಲಿ ರಾಗಿ ಕೇರುವಾಗ ಪಕ್ಕದಲ್ಲಿ ಕೂತ ಮಗುವಿಗೆ ಒಂದು ಪಾತ್ರೆಯಲ್ಲಿ ನಾಲ್ಕು ಹಿಡಿ ಹಾಕಿ ಕೊಟ್ಟು, ಆಟ ಮುಗಿದ ಮೇಲೆ ಕೋಳಿಗೆ ಚೆಲ್ಲಬಹುದು. ಆಗ ಅಜ್ಜಿಯೂ ಸುಮ್ಮನಿರುತ್ತಾಳೆ.

ನೀರಾಟಕ್ಕೂ ಇದೇ ನ್ಯಾಯ. ಬೋರ್‌ವೆಲ್ ಬತ್ತುವ ಬೇಸಿಗೆಯಲ್ಲಿ ಟಬ್ ತುಂಬಿಸಿ ಚರಂಡಿಗೆ ಚೆಲ್ಲಲು ಯಾರಿಗೂ ಮನಸ್ಸು ಬರದು. ಬೋಗುಣಿಯನ್ನು ತೆಂಗಿನ ಪಾತಿಯಲ್ಲೇ ಇಟ್ಟರೆ ಚೆಲ್ಲಿದ್ದೆಲ್ಲ ಮರಕ್ಕೆ. ಮಣ್ಣಿಗೆ ಕೆರೆಗೋಡು ಒಳ್ಳೆಯದು: ನಾಲ್ಕೈದು ದಿನ ಚೆನ್ನಾಗಿ ಬಿಸಿಲಿಗೆ ಹರಡಿ, ಕುಟ್ಟಿ, ಜರಡಿ ಹಿಡಿದು, ನೀರು ಚಿಮುಕಿಸಿ ಹದ ಮಾಡಬೇಕು. ಗೌರಿ-ಗಣೇಶನ ಹಬ್ಬದ ಮುಂಚೆ ಎಷ್ಟೋ ಮನೆಗಳಲ್ಲಿ ಇದು ಹೇಗೂ ಬರುತ್ತದೆ. ಒಂದು ಉಂಡೆ ಹೆಚ್ಚಿಗೆ ತಂದರಾಯಿತು. ಬರಿಗಾಲಲ್ಲಿ ಮಣ್ಣಾಡುವ ಮಕ್ಕಳಿಗೆ ಕೊಕ್ಕೆಹುಳು ಹತ್ತುವ ಭಯ ಇದ್ದೇ ಇದೆ. ಫೆಬ್ರುವರಿ, ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ ತಪ್ಪಿಸಬಾರದು. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಮೇಲಿನವರಿಗೆ ಒಂದು.

ಎರವಲು ಪಾಕಗಳಲ್ಲಿ ತೀರಾ ಕೆಟ್ಟದ್ದು ನೀರಲ್ಲಿ ಊದುವ ಮಣಿ. ಹೊಟ್ಟೆಗೆ ಹೋದರೆ ಕರುಳಲ್ಲೂ ಅದು ಊದುತ್ತದೆ, ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ ಎಚ್ಚರಿಸುತ್ತಾ ಬಂದ ಮೇಲೆ 2023ರ ಡಿಸೆಂಬರ್‌ನಲ್ಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್ ಕಂಪನಿಗಳು ಮಕ್ಕಳಿಗೆಂದು ಅದನ್ನು ಮಾರುವುದನ್ನು ನಿಲ್ಲಿಸಿದವು. ಜಾತ್ರೆಯ ಅಂಗಡಿಗಳಲ್ಲಿ, ಹೂದಾನಿಯ ಅಲಂಕಾರದ ಹೆಸರಲ್ಲಿ ಅದು ಇನ್ನೂ ಸಿಗುತ್ತದೆ. ಅದೇ ಜಾರುವ, ಊದುವ ಅನುಭವ ಕಾಮಕಸ್ತೂರಿ ಬೀಜ ನೆನೆಸಿದರೆ ಸಿಗುತ್ತದೆ, ಬೇಯಿಸಿ ಆರಿಸಿದ ಸಬ್ಬಕ್ಕಿಯಿಂದಲೂ ಸಿಗುತ್ತದೆ. ಶೇವಿಂಗ್ ಫೋಮ್ ಬದಲು ಅಂಟುವಾಳದ ನೊರೆ ಎನ್ನುವವರಿದ್ದಾರೆ. ಕಣ್ಣಿಗೆ ಬಿದ್ದರೆ ಅದು ಉರಿಯುವಷ್ಟು ಸಾಬೂನೂ ಉರಿಯುವುದಿಲ್ಲ, ಬೇಡ. ಬೋರಾಕ್ಸ್ ಹಾಕುವ ಸ್ಲೈಮ್ ಕೂಡ ಪುಟ್ಟವರಿಗೆ ಬೇಡ, ತಣ್ಣಗಾದ ರಾಗಿ ಗಂಜಿಯೇ ಸಾಕಷ್ಟು ಲೋಳೆ.

ಮನೆಯಲ್ಲಿ ಮಾಡಿದ್ದು, ಪ್ರಕೃತಿಯದು ಎಂದ ಮಾತ್ರಕ್ಕೆ ನಿರಪಾಯ ಎಂಬ ನಂಬಿಕೆ ಸುಳ್ಳು. ಕಾರ್ಖಾನೆ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಅಂಗಳದ ಸಾಮಾನಿಗೆ ಪರೀಕ್ಷಕರು ನಾವೇ. ಮೂರು ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸಲು ಬಳಸುವ ಕೊಳವೆಯ ಬಾಯಿ 3.17 ಸೆಂಟಿಮೀಟರ್ ಅಗಲ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೂ ಇಳಿಯಬಹುದು ಎಂದು ಲೆಕ್ಕ. ನಮ್ಮ ಹತ್ತು ರೂಪಾಯಿ ನಾಣ್ಯ 2.7 ಸೆಂಟಿಮೀಟರ್, ಅದಕ್ಕಿಂತ ತುಸು ದೊಡ್ಡದಿದ್ದರೂ ಅಪಾಯವೇ. ಹಾಗೆ ನೋಡಿದರೆ ಹುಣಸೆ ಬೀಜ, ಅವರೆಕಾಳು, ಹೊಂಗೆ ಬೀಜ, ಸೀತಾಫಲದ ಬೀಜ ಎಲ್ಲವೂ ಮೂರು ವರ್ಷದವರೆಗೆ ನಿಷಿದ್ಧ. ಕಾಳು ಮೂಗಿಗೆ ಹೋದರೆ ಅಲ್ಲೇ ನೆನೆದು ಊದುತ್ತದೆ. ಬಾಟಲಿಯಲ್ಲಿ ಹುರುಳಿ ತುಂಬಿ ಗಿಲಕಿ ಮಾಡುವವರು ಮುಚ್ಚಳಕ್ಕೆ ಗಟ್ಟಿ ಅಂಟು ಹಾಕಿ ವಾರಕ್ಕೊಮ್ಮೆ ತಿರುಚಿ ನೋಡಬೇಕು. ಹಲ್ಲು ಪೂರ್ತಿ ಬರದ ಮಗುವಿನ ಕೈಗೆ ಕೊಬ್ಬರಿ ಚೂರು ಕೊಟ್ಟು ಸುಮ್ಮನಾಗಿಸುವ ಅಭ್ಯಾಸವೂ ಒಳ್ಳೆಯದಲ್ಲ.

ವಿಷದ ಬೀಜಗಳು ಬೇರೆ. ಬೇಲಿಯ ಗುಲಗಂಜಿ ಎಷ್ಟು ಚೆಂದವೋ ಅಷ್ಟು ಘಾತಕ. ಅಗಿದರೆ ಒಂದೆರಡು ಬೀಜವೇ ಮಗುವಿನ ಜೀವಕ್ಕೆ ಮುಳುವಾದೀತು. ಹರಳೆಣ್ಣೆಯ ಬೀಜವೂ ಹಾಗೆಯೇ. ದತ್ತೂರಿ, ಕಣಗಿಲೆಗಳನ್ನು ಎಲೆ-ಹೂವಿನ ಆಟದಿಂದ ತೆಗೆದೇಬಿಡಬೇಕು. ಅರಿಶಿನಕ್ಕೆ ಹೊಳಪು ಕೊಡಲು ಸೀಸದ ಕ್ರೋಮೇಟ್ ಬೆರೆಸುವ ಕಲಬೆರಕೆ ಇರುವುದರಿಂದ ಬಣ್ಣಕ್ಕೆ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿದ್ದಾದರೆ ಸರಿ. ಅರಿಶಿನಕ್ಕೆ ಸುಣ್ಣ ಬಿದ್ದು ಕೆಂಪಾಗುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ, ಆದರೆ ಸುಣ್ಣ ದೊಡ್ಡವರ ಕೈಯಲ್ಲೇ ಇರಲಿ. ಕಣ್ಣಿಗೆ ಬಿದ್ದರೆ ಸುಡುತ್ತದೆ. ಬೀಟ್‌ರೂಟ್, ಬಸಳೆ ಹಣ್ಣು ನಿರುಪದ್ರವಿಗಳು. ತೋಟಕ್ಕೆ ಔಷಧಿ ಹೊಡೆದ ವಾರ ಅಲ್ಲಿಯ ಗರಿ, ಎಳೆಗಾಯಿ, ಮಣ್ಣು ಯಾವುದನ್ನೂ ತರಬಾರದು. ಇನ್ನು ಮಟ್ಟೆ ರಾಶಿಯಲ್ಲಿ ಚೇಳು ಇರುತ್ತದೆಂದು ಈ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ರಾಶಿಯಿಂದ ಮಟ್ಟೆ ಎತ್ತುವುದು, ಒದರುವುದು ದೊಡ್ಡವರ ಕೆಲಸ. ಬೋಗುಣಿಯಲ್ಲಿ ಗೇಣುದ್ದ ನೀರಿದ್ದರೂ ಮುಳುಗಲು ಸಾಕು, ಎದ್ದು ಹೋಗುವಾಗ ಚೆಲ್ಲಿ ಹೋಗಬೇಕು.

ಇಷ್ಟು ಎಚ್ಚರ ಹೇಳಿದ ಮೇಲೆ ಅತ್ತಕಡೆಯ ಉತ್ಪ್ರೇಕ್ಷೆಯನ್ನೂ ಹೇಳಬೇಕು. ‘ಈ ಕಿಟ್ ಆಡಿದರೆ ಮೆದುಳಿನ ನರಕೋಶ ಹೆಚ್ಚುತ್ತದೆ’, ‘ಆಟಿಸಂ ಗುಣವಾಗುತ್ತದೆ’ ಎಂಬ ಜಾಹೀರಾತುಗಳಿಗೆ ಆಧಾರವಿಲ್ಲ. ಸೆನ್ಸರಿ ಥೆರಪಿಯ ಬಗ್ಗೆಯೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ, ಪುರಾವೆ ಸೀಮಿತವಾಗಿದೆ, ತಂದೆತಾಯಿಗೆ ಹಾಗೆಂದೇ ತಿಳಿಸಿ ಎಂದಿತ್ತು. ಆಟ ಆಟವೇ, ಔಷಧಿಯಲ್ಲ. ಮಗು ಎರಡು ವರ್ಷಕ್ಕೂ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ, ಮಣ್ಣು, ಮುದ್ದೆ ಮುಟ್ಟಿದೊಡನೆ ತಡೆಯಲಾರದಷ್ಟು ಹೆದರಿ ಕಿರುಚುತ್ತಿದ್ದರೆ ಚಿಪ್ಪು-ನಾರು ಹಿಡಿದು ಕೂರದೆ ತೋರಿಸಬೇಕು. ಶಾಲಾಪೂರ್ವ ಮಕ್ಕಳನ್ನು ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೇ ಬರುತ್ತದೆ. ಮಾತು-ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಹಾಗಾದರೆ ಅಂಗಳ ತುಂಬ ಸಾಮಾನಿರುವ ನಾಡಿನಲ್ಲಿ ಇದೆಲ್ಲ ಏಕೆ ತಾನಾಗಿ ನಡೆಯುತ್ತಿಲ್ಲ? ಒಂದು ಕಾರಣ ಬೆಲೆ. ಚಿಪ್ಪು ಇದ್ದಿಲಿಗೆ, ಅಲ್ಲಿಂದ ಶೋಧಕ ಇಂಗಾಲಕ್ಕೆ ಹೋಗುತ್ತದೆ. ಮಟ್ಟೆ ನಾರಿಗೆ ಹೋಗುತ್ತದೆ, ನಾರಿನ ಪುಡಿ ಇಟ್ಟಿಗೆಯಾಗಿ ಹೊರದೇಶದ ಹಸಿರುಮನೆಗಳಿಗೆ ಹೋಗುತ್ತದೆ. 2025ರ ಹಂಗಾಮಿಗೆ ಕೇಂದ್ರ ಉಂಡೆ ಕೊಬ್ಬರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯ ದರ ಅದರ ದುಪ್ಪಟ್ಟನ್ನೂ ದಾಟಿತು. ಅಂಥ ವರ್ಷದಲ್ಲಿ ಅಟ್ಟದ ಕಾಯಿಯನ್ನು ಅಲ್ಲಾಡಿಸಿ ಆಡಲು ಯಾರು ಕೊಡುತ್ತಾರೆ? ರೈತನಿಗೆ ಅದು ಬಹುಕಾಲದ ಮೇಲೆ ಬಂದ ಒಳ್ಳೆಯ ಕಾಲ, ಅದನ್ನು ದೂರುವುದು ತಪ್ಪು. ಆದರೆ ಹಿಂದೆ ಯಾರೂ ಕೇಳದೆ ಬಿದ್ದಿರುತ್ತಿದ್ದ ಚಿಪ್ಪು ಈಗ ಚೀಲದಲ್ಲಿ ಎಣಿಕೆಗೆ ಸೇರಿದೆ. ಕೂಸಿನ ಪಾಲನ್ನು ಮೊದಲೇ ಎತ್ತಿಡದಿದ್ದರೆ ಉಳಿಯುವುದಿಲ್ಲ.

ಇನ್ನೊಂದು ಕಾರಣ ಮನಸ್ಸಿನದು. ಮಣ್ಣು ಮೆತ್ತಿಕೊಂಡ ಮಗು ಬಡತನದ ಗುರುತು, ಪ್ಲಾಸ್ಟಿಕ್ ಆಟಿಕೆಯ ಮಗು ಮುಂದುವರಿದ ಮನೆಯದ್ದು ಎಂಬ ಭಾವನೆ ಪೇಟೆಗೆ ಹತ್ತಿರವಾದಷ್ಟೂ ಗಟ್ಟಿ. ಬಟ್ಟೆ ಒಗೆಯುವವಳು ತಾಯಿಯೇ ಆದ್ದರಿಂದ ಅವಳು ಮಣ್ಣಾಟವನ್ನು ಬೇಡವೆಂದರೆ ಬೈಯುವ ಹಕ್ಕು ಲೇಖನ ಬರೆಯುವ ನಮಗಿಲ್ಲ. ತೋಟ, ದನ, ನಾರಿನ ಕಾರ್ಖಾನೆ ಮುಗಿಸಿ ಬಂದವಳಿಗೆ ಮೊಬೈಲು ಹಾಕಿಕೊಟ್ಟರೆ ಮಗು ಸುಮ್ಮನೆ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಎರಡು ವರ್ಷದೊಳಗೆ ಬೇಡವೇ ಬೇಡ ಎಂದಿತು. ಆ ಗಂಟೆಗಳನ್ನು ತುಂಬಲು ತಾಯಿಗೆ ಪುರುಸೊತ್ತು ಎಲ್ಲಿಂದ ಬರಬೇಕೆಂದು ಅದು ಹೇಳಲಿಲ್ಲ. ಮನೆಯಲ್ಲಿ ತಾತ ಇದ್ದರೆ ಅವನೇ ಸರಿಯಾದ ಆಳು. ಕೈಯಲ್ಲಿ ಕುಡುಗೋಲು ಇದ್ದೇ ಇರುತ್ತದೆ, ಮಾತಿಗೂ ಬರವಿಲ್ಲ.

ಅಂಗನವಾಡಿಯ ಮಟ್ಟಿಗೆ ಲೆಕ್ಕ ಕಷ್ಟದ್ದಲ್ಲ. ಇಪ್ಪತ್ತು ಮಕ್ಕಳಿಗೆ ಅಂಚು ಉಜ್ಜಿದ ಮೂವತ್ತು ಚಿಪ್ಪು, ಹದ ಬೇರೆ ಬೇರೆಯಿರುವ ಆರೇಳು ಕಾಯಿ, ಒಂದು ಸಿಮೆಂಟ್ ಚೀಲದಷ್ಟು ತೊಳೆದ ನಾರಿನ ಪುಡಿ, ಒಂದು ಬಕೆಟ್ ಕೆರೆಗೋಡು, ನಾಲ್ಕು ಮಾರು ಹುರಿ, ಬಟ್ಟೆ ತುಂಡುಗಳ ಒಂದು ಚೀಲ. ಊರಿನ ಸ್ತ್ರೀಶಕ್ತಿ ಗುಂಪು ಒಂದು ಮಧ್ಯಾಹ್ನ ಕೂತರೆ ಇಷ್ಟೂ ಆಗುತ್ತದೆ. ಬಾಲಮೇಳದ ದಿನ ಪ್ರದರ್ಶನಕ್ಕೆ ಇಟ್ಟು ಮರುದಿನ ಬೀರುವಿಗೆ ಸೇರಿಸದಿದ್ದರೆ ಸರಿ. ಮಳೆ ಹಿಡಿದಾಗ ನಾರು, ಮಟ್ಟೆ ಬೂಷ್ಟು ಹಿಡಿಯುತ್ತವೆ, ಮೂಸಿದರೆ ಗೊತ್ತಾಗುತ್ತದೆ. ಅವನ್ನು ಒಲೆಗೆ ಹಾಕಿ ಬೇರೆ ತರಬೇಕು. ಚಿಪ್ಪುಗಳನ್ನು ಶನಿವಾರ ಸಾಬೂನು ನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕುವುದು ಸಹಾಯಕಿಯ ಪಾಲಿಗೆ ಬರುತ್ತದೆ. ಅಡುಗೆ, ಮಕ್ಕಳ ತೂಕ, 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನ ದಾಖಲೆ, ಮನೆಭೇಟಿ, ಸಮೀಕ್ಷೆಗಳ ನಡುವೆ ಕಾರ್ಯಕರ್ತೆಗೂ ಸಹಾಯಕಿಗೂ ಆ ಅರ್ಧ ಗಂಟೆಯನ್ನು ಇಲಾಖೆ ಕೆಲಸವೆಂದು ಬರೆದುಕೊಡಬೇಕು. ಗೌರವಧನ ಲೆಕ್ಕ ಹಾಕುವಾಗ ಅದನ್ನೂ ಎಣಿಸಬೇಕು.